ತಿಳಿನೀರಿನ ತಿಂಗಳು

ಕನ್ನಡಕದಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಗಾಜು ಉಜ್ಜುತ್ತ ಅವಳು ಇಪ್ಪತ್ತೆರಡು ವರ್ಷ ಕಳೆದಿದ್ದಳು. ಊರಿನ ಅರ್ಧ ಜನ ಅವಳು ಉಜ್ಜಿದ ಗಾಜಿನಲ್ಲೇ ಪೇಪರ್ ಓದುತ್ತಿದ್ದರು, ಅವಳ ಮುಖ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ವರ್ಷಕ್ಕೊಂದು ಸಲ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯಲು ಸಿಕ್ಕರೆ ಸಾಕು, ಉಳಿದ ದಿನ ಆ ಕೋಣೆಯ ಧೂಳನ್ನೇ ಸಂತೋಷದಿಂದ ಕುಡಿಯಬಲ್ಲ ಹೆಣ್ಣು.

ಮನೆಯವರಿಗೆ ಈ ಹುಚ್ಚು ಅಂಟಿರಲಿಲ್ಲ. ಗಂಡ ಬಾಯಲ್ಲಿ ಸ್ನಾರ್ಕೆಲ್ ನಳಿಗೆ ಕಚ್ಚಿಕೊಂಡು, ಲೈಫ್ ಜಾಕೆಟ್ ತೊಟ್ಟು, ನೀರಿನ ಮೇಲೆ ಬೋರಲಾಗಿ ತೇಲುವ ಗಿರಾಕಿ. "ಮೀನಿಗೆ ನನ್ನ ನೋಡಬೇಕು ಅನ್ನಿಸಿದ್ರೆ ಅದೇ ಮೇಲೆ ಬರುತ್ತೆ ಬಿಡೇ" ಎನ್ನುತ್ತಿದ್ದ.

ಅಪ್ಪನ ಕಥೆ ಬೇರೆ. ಅಂಗಡಿಗಳಿಗೆ ಬೋರ್ಡು ಬರೆದು ಮಗಳನ್ನು ಸಾಕಿದ ಮನುಷ್ಯ. ಅವಳು ಸಮುದ್ರದಿಂದ ಬಂದು ಹವಳದ ಬಣ್ಣ ವರ್ಣಿಸಲು ಶುರುಮಾಡಿದರೆ ಪೊಲೀಸರ ಹಾಗೆ ಪ್ರಶ್ನೆ ಹಾಕುತ್ತಿದ್ದರು. "ನೀಲಿ ಅಂದ್ರೆ ಯಾವ ನೀಲಿ? ಔಷಧಿ ಅಂಗಡಿ ಬೋರ್ಡಿಂದೋ, ಬ್ಯಾಂಕಿಂದೋ?" ಅವಳು ತಬ್ಬಿಬ್ಬಾಗುತ್ತಿದ್ದಳು. "ನಿನ್ನ ಕಟ್ಕೊಂಡ್ರೆ ಆಗಲ್ಲ. ನಾನೇ ಒಂದ್ಸಲ ನೋಡ್ಬಿಡ್ತೀನಿ" ಎಂದು ನಕ್ಕಿದ್ದರು.

ಆ ಮಾತು ನಗೆಯಲ್ಲೇ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ ಕಣ್ಣಿನ ಡಾಕ್ಟರು ಅವಳೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: ಅಪ್ಪನ ಕಣ್ಣಿನ ನರ ಒಣಗುತ್ತಿದೆ, ನೋಟ ಸುತ್ತಲಿನಿಂದ ಮುಚ್ಚುತ್ತ ಬರುತ್ತಿದೆ. ಆರು ತಿಂಗಳಾಗಬಹುದು, ವರ್ಷವಾಗಬಹುದು. ಊರಿಗೆಲ್ಲ ದೃಷ್ಟಿ ಕೊಟ್ಟವಳಿಗೆ ಇದಕ್ಕೆ ಯಾವ ಗಾಜೂ ಆಗಿಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನ ಕೈ ಹಿಡಿದು ಮನೆಗೆ ಕರೆತಂದಳು.

ಮಾರನೆಯ ದಿನವೇ ಡೈವಿಂಗ್ ದೋಣಿಯ ಆಫೀಸಿಗೆ ಫೋನ್ ಮಾಡಿದಳು. ಐದು ದಿನ ದೋಣಿಯಲ್ಲೇ ವಾಸ, ಅಲ್ಲೇ ಊಟ, ಅಲ್ಲೇ ನಿದ್ದೆ.

"ಎಷ್ಟು ಜನ ಕೆಳಗೆ ಇಳೀತೀರಿ?" ಎಂದು ಆಫೀಸಿನ ಹೆಂಗಸು ಕೇಳಿದಳು.

"ನಾನೊಬ್ಬಳೇ. ಅಪ್ಪ, ನಮ್ಮನೆಯವರು ಬರೀ ಸ್ನಾರ್ಕೆಲ್."

"ಹಾಗಾದ್ರೆ ಮುಂದಿನ ವಾರಾನೇ ಬನ್ನಿ. ನೀರು ಸ್ವಲ್ಪ ಮಂಕು. ಆದ್ರೆ ಮೇಲಿಂದ ನೋಡೋರಿಗೆ ಏನೂ ತೊಂದ್ರೆ ಇಲ್ಲ, ಹವಳ ಎರಡಾಳು ಕೆಳಗೇ ಇದೆ. ಆಳದ ಗೋಡೆ ಹತ್ರ ಮಾತ್ರ ಈಗ ದೋಣಿ ಹೋಗಲ್ಲ. ಅದು ಬೇಕಂದ್ರೆ ಐದು ತಿಂಗಳು ಕಾಯ್ಬೇಕು."

ಆಳದ ಗೋಡೆ! ಸಮುದ್ರದೊಳಗೆ ನೆಟ್ಟಗೆ ಇಳಿದಿರುವ ಹವಳದ ಬಂಡೆ. ಒಂಬತ್ತು ವರ್ಷದಿಂದ ಅವಳು ಅದರ ಜಪ ಮಾಡುತ್ತಿದ್ದಳು. ಒಂದು ಸಲ ಬಿರುಗಾಳಿ, ಒಂದು ಸಲ ಜ್ವರ, ಏನಾದರೊಂದು ಅಡ್ಡ ಬಂದು ತಪ್ಪಿಹೋಗಿತ್ತು.

"ಕಾಯ್ತೀವಿ" ಎಂದಳು. ಮೀನಮೇಷ ಎಣಿಸಲೇ ಇಲ್ಲ. ಮನೆಯಲ್ಲಿ ಅಪ್ಪನಿಗೆ, "ಈಗ ನೀರು ಕಲಕಿರುತ್ತೆ ಅಪ್ಪ. ನೋಡೋದಾದ್ರೆ ತಿಳಿ ಇದ್ದಾಗ್ಲೇ ನೋಡ್ಬೇಕು" ಎಂದಳು. ಅಪ್ಪ, "ನಿಂಗೆ ಗೊತ್ತಿರೋದು ನಂಗೇನು ಗೊತ್ತಮ್ಮ" ಎಂದರು. ಅವಳು ತನಗೂ ಅದನ್ನೇ ಹೇಳಿಕೊಂಡಳು, ನಂಬಿಯೂ ಬಿಟ್ಟಳು. ನಾವೆಲ್ಲ ಎಷ್ಟು ಸಲೀಸಾಗಿ ನಂಬುತ್ತೇವಲ್ಲ, ಹಾಗೆ.

ಆಮೇಲೆ ಮನೆಯಲ್ಲಿ ತಯಾರಿಯದೇ ಸಡಗರ. ಅಪ್ಪನ ಕನ್ನಡಕದ ನಂಬರಿಗೆ ತಾನೇ ಗಾಜು ಉಜ್ಜಿ ಮುಖಕ್ಕೆ ಕಟ್ಟುವ ಮಾಸ್ಕಿಗೆ ಕೂರಿಸಿದಳು. ಗಂಡ ಮಾವನನ್ನು ಈಜುಕೊಳಕ್ಕೆ ಕರೆದೊಯ್ದು ನಳಿಗೆಯಲ್ಲಿ ಉಸಿರಾಡುವುದನ್ನು ಕಲಿಸಿದ. ಮೊದಲ ವಾರ ಅಪ್ಪ ಅರ್ಧ ಕೊಳ ಕುಡಿದು ಬಂದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಐದು ದಿನಕ್ಕೆ ಸುತ್ತು ಹಾಕಿದ್ದೂ ಅವರೇ.

ಮೂರನೆಯ ತಿಂಗಳು ಅಪ್ಪ ಲೋಟದ ಪಕ್ಕಕ್ಕೆ ಚಹಾ ಸುರಿದರು. ಅವಳು ಓಡಿಹೋಗಿ ಫೋನ್ ಮಾಡಿದರೆ ದೋಣಿಯನ್ನು ರಿಪೇರಿಗೆಂದು ದಡಕ್ಕೆ ಎಳೆದಿದ್ದರು. ಬೇರೆ ದೋಣಿಗಳಿಗೆ ಕೇಳಿದಳು, ಎಲ್ಲೂ ಜಾಗವಿಲ್ಲ. ನಾಲ್ಕನೆಯ ತಿಂಗಳು ಅಪ್ಪ ಗೋಡೆ ಹಿಡಿದು ನಡೆಯತೊಡಗಿದರು. ಐದನೆಯ ತಿಂಗಳು ಕ್ಯಾಲೆಂಡರಿನ ಸುತ್ತು ಎಲ್ಲಿದೆ ಎಂದು ಅಳಿಯನನ್ನು ಕೇಳಿದರು. ಹೋಗುವುದು ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ, ಅಪ್ಪ ಆಗಲೇ ಚೀಲ ಕಟ್ಟಿಟ್ಟಿದ್ದರು.

ದೋಣಿಯಲ್ಲಿ ಮೊದಲ ದಿನ ಗಂಡ ಒಂದು ಕೈ, ಅವಳು ಒಂದು ಕೈ ಹಿಡಿದು ಅಪ್ಪನನ್ನು ನೀರಿಗೆ ಇಳಿಸಿದರು. ಎರಡಾಳು ಕೆಳಗೆ ಹವಳದ ತೋಟ, ನೇರಳೆ, ಹಳದಿ, ಕೇಸರಿ. ಅಪ್ಪ ತುಂಬ ಹೊತ್ತು ಬೋರಲಾಗಿ ತೇಲಿದರು. ಮೇಲೆ ಬಂದಾಗ, "ಏನಾದ್ರೂ ಕಾಣ್ತಾ ಅಪ್ಪ?" ಎಂದಳು.

"ಬೆಳಕು ಕಾಣ್ತಮ್ಮ. ಅಲ್ಲಾಡ್ತಿತ್ತು" ಎಂದರು. ನಳಿಗೆಯ ನೀರು ಕೊಡವಿ, "ಸಾಕು, ಚೆನ್ನಾಗಿತ್ತು" ಎಂದೂ ಸೇರಿಸಿದರು. ಅವಳು ಸರಕ್ಕನೆ ಮುಖ ತಿರುಗಿಸಿಕೊಂಡಳು. ತಿರುಗಿಸಿಕೊಳ್ಳುವ ಅಗತ್ಯವಿಲ್ಲ ಎಂಬುದು ಆಮೇಲೆ ಹೊಳೆಯಿತು.

ನಾಲ್ಕನೆಯ ದಿನ ದೋಣಿ ಆಳದ ಗೋಡೆಯ ಹತ್ತಿರ ನಿಂತಿತು. ಅವಳು ಇಳಿಯುವುದಿಲ್ಲವೆಂದು ಹಟ ಹಿಡಿದಳು. ಅಪ್ಪ ಬಿಡಬೇಕಲ್ಲ! "ಒಂಬತ್ತು ವರ್ಷದಿಂದ ಗೋಡೆ ಗೋಡೆ ಅಂತ ತಲೆ ತಿಂದಿದೀಯ. ಹೋಗು, ನೋಡ್ಕೊಂಡು ಬಂದು ನಂಗೆ ಹೇಳು."

ದೋಣಿಯ ಗೈಡ್ ಜೊತೆ ಇಳಿದಳು. ಅಂಥ ತಿಳಿನೀರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕೆಳಗಿನವರೆಗೂ ಗೋಡೆಯ ಹವಳದ ಒಂದೊಂದು ಕೊಂಬೆ, ಒಂದೊಂದು ಮೀನು ನಿಚ್ಚಳ. ಔಷಧಿ ಅಂಗಡಿಯದೂ ಅಲ್ಲದ, ಬ್ಯಾಂಕಿನದೂ ಅಲ್ಲದ ನೀಲಿ. ಎರಡಾಳು ನೀರು ಅಪ್ಪನಿಗೆ ಸಾಕಾಗಿತ್ತು, ಐದು ತಿಂಗಳ ಹಿಂದೆಯೇ ಸಾಕಾಗಿತ್ತು. ಕಾಯಿಸಿದ್ದು ಈ ಗೋಡೆಗಾಗಿ, ತನಗಾಗಿ. ಮಾಸ್ಕಿನೊಳಗೆ ಕಣ್ಣೀರು ತುಂಬಿ ಅವಳಿಗೂ ಕಾಣದಾಯಿತು.

ಮೇಲೆ ಬಂದಾಗ ಅಪ್ಪ ಟವೆಲ್ ಹಿಡಿದು, ದನಿ ಬಂದ ಕಡೆಗೆ ಮುಖ ಮಾಡಿ ಕಾಯುತ್ತಿದ್ದರು. "ಹೇಳು, ಹೇಗಿತ್ತು?"

"ಏನೂ ಕಾಣ್ಲಿಲ್ಲ ಅಪ್ಪ" ಎಂದಳು. "ನೀರು ಪೂರ್ತಿ ಕಲಕಿತ್ತು."

ಅಪ್ಪನ ಮುಖ ಬಾಡಿತು. ತಡವರಿಸಿ ಅವಳ ತಲೆ ಹುಡುಕಿ ಒರೆಸತೊಡಗಿದರು. "ಅಯ್ಯೋ ಮಗಳೇ! ನಂದು ಬಿಡು, ಹೋಗೋ ಕಣ್ಣು ಹೋಯ್ತು. ನೀನು ಪಾಪ ಐದು ತಿಂಗಳು ಕಾದಿದ್ದೂ ದಂಡವಾಯ್ತಲ್ಲಮ್ಮ" ಎಂದರು.