ಪಲ್ಲವಿ ಒಯ್ದ ಲಾವಂಚ

ಅಜ್ಜಿ ನನ್ನೊಬ್ಬಳದೇ ಎಂದು ನಾನು ನಂಬಿಕೊಂಡಿದ್ದ ಕಾಲವದು. ಕವಲೇದುರ್ಗದ ಬುಡದ ನಮ್ಮೂರಲ್ಲಿ ಬೇಸಿಗೆ ರಜೆ ಬಂತೆಂದರೆ ಗೇರುಹಣ್ಣಿನ ಕಲೆಯಿಲ್ಲದ ಲಂಗ ಒಂದೂ ಉಳಿಯುತ್ತಿರಲಿಲ್ಲ. ಆ ವರ್ಷ ಸಾಗರದಿಂದ ಅತ್ತೆಯ ಮಗಳು ಪಲ್ಲವಿ ಒಂದು ತಿಂಗಳಿರಲು ಬಂದಳು. ನನಗೂ ಹತ್ತು, ಅವಳಿಗೂ ಹತ್ತು.

ನಮ್ಮ ಗದ್ದೆಯ ಮೇಲೆ ಗೋಡೆಯಂತೆ ನಿಂತ ಮಣ್ಣಿನ ದರೆಯುದ್ದಕ್ಕೂ ಅಜ್ಜಿ ಲಾವಂಚ ಬೆಳೆಸಿದ್ದಳು. ನೋಡುವವರಿಗೆ ಅದು ಬರೀ ಹುಲ್ಲು. ಆಳೆತ್ತರದ ಮೆಳೆ, ಸವರಿದರೆ ಕೈ ಕೊಯ್ಯುವ ಎಲೆ. ಬಲಿತ ಮೇಲೆ ದನವೂ ಮೂಸಿ ಮುಂದೆ ಹೋಗುತ್ತಿತ್ತು. ಅದರ ಬದುಕೆಲ್ಲ ನೆಲದೊಳಗೆ. ಬೇರು ನೇರ ಕೆಳಗಿಳಿದು ಮಣ್ಣು ಹಿಡಿದುಕೊಳ್ಳುತ್ತಿದ್ದುದರಿಂದ ಎಂಥ ಮಳೆಗೂ ನಮ್ಮ ದರೆ ಕುಸಿದದ್ದಿಲ್ಲ. ನೆಟ್ಟು ಒಂದೂವರೆ ವರ್ಷ ಕಾದರೆ ಮಾತ್ರ ಬೇರಿಗೆ ಪರಿಮಳ. ಅಜ್ಜಿ ಒಂದೆರಡು ಬುಡ ಅಗೆದು, ಆ ಗುಂಡಿಯಲ್ಲೇ ಬುಡದಿಂದ ಬಿಡಿಸಿದ ಹೊಸ ಹಿಳ್ಳು ನೆಡುತ್ತಿದ್ದಳು. ಆ ಬೇರು ಕುಡಿಯುವ ನೀರಿನ ಕೊಡದಲ್ಲಿ, ತಲೆಗೆ ಹಚ್ಚುವ ಎಣ್ಣೆಯಲ್ಲಿ, ಟ್ರಂಕಿನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇರುತ್ತಿತ್ತು. ಅಜ್ಜಿಯ ಸೆರಗಿಗೂ ಅದೇ ವಾಸನೆ.

ಪಲ್ಲವಿ ಬಂದ ದಿನದಿಂದ ಆ ಸೆರಗಿನ ಅಡಿ ಅವಳದೇ ಜಾಗವಾಯಿತು. ಸುಟ್ಟ ಹಲಸಿನ ಹಪ್ಪಳದ ಮೊದಲ ತುಂಡು ಅವಳಿಗೆ. ಚನ್ನೆಮಣೆಯಲ್ಲಿ ನಾನು ಗೆದ್ದರೆ, "ಪಾಪ, ಅದಕ್ಕೂ ಒಂದಾಟ ಬಿಟ್ಕೊಡೇ" ಎಂಬ ಬುದ್ಧಿಮಾತು ನನಗೆ.

ಮೇ ಕೊನೆಗೆ ಎರಡು ಮಳೆ ಬಿದ್ದು ಮಣ್ಣು ಮೆದುವಾದಾಗ ಅಜ್ಜಿ ಗುದ್ದಲಿ ತೆಗೆದಳು. ಅಗೆದ ಬೇರು ತೊಳೆದು, ನೆರಳಲ್ಲಿ ಆರಿಸಿ, ಜಗಲಿಯಲ್ಲಿ ಬೀಸಣಿಗೆ ಹೆಣೆಯಲು ಕೂತಳು. ನಾವಿಬ್ಬರೂ ಅವಳ ಎರಡು ಪಕ್ಕ. ನಾನು ದಾರ ಎಳೆದೆಳೆದು ಬೇರು ಮುರಿದೆ. ಪಲ್ಲವಿಯ ಸಪೂರ ಬೆರಳುಗಳು ಒಂದು ಬೇರಿನ ಮೇಲೆ, ಇನ್ನೊಂದರ ಕೆಳಗೆ ಸಲೀಸಾಗಿ ಓಡಿದವು.

"ಸುಜಿ, ನೀ ಬಿಡು. ನಿನ್ ಕೈ ಬೆವರ್ತದೆ," ಎಂದಳು ಅಜ್ಜಿ. "ಇವ್ಳ ಕೈ ನೋಡು, ಹೆಂಗ್ ಓಡ್ತದೆ! ನನ್ ಕೈ ಇವ್ಳಿಗೇ ಬಂದದೆ."

ಹೊಟ್ಟೆಕಿಚ್ಚು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆಂದು ನನಗೆ ಗೊತ್ತಾದದ್ದು ಅವತ್ತು.

ಪಲ್ಲವಿ ಹೊರಡುವ ಹಿಂದಿನ ದಿನ ಅಜ್ಜಿ ಐದು ಹಿಳ್ಳು ಆರಿಸಿ, ಗೇಣುದ್ದ ಎಲೆ ಉಳಿಸಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಚ್ಚಲ ಪಕ್ಕ ಇಟ್ಟಳು.

"ನಿಮ್ಮನೆ ನಲ್ಲಿ ಹತ್ರ ನೆಡು ಮಗ. ಸುಲಭಕ್ಕೆ ಸಾಯೋ ಜಾತಿ ಅಲ್ಲ ಇದು. ಬೇರು ಬಲಿತ್ಮೇಲೆ ನಂಗೊಂದು ಬೀಸಣಿಗೆ ಹೆಣ್ದು ತಂದ್ಕೊಡ್ಬೇಕು."

ನನ್ನ ಹತ್ತಿರ ಅಜ್ಜಿ ಹಾಗೆ ಎಂದೂ ಏನನ್ನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಕಡುಬು ತಿನ್ನುತ್ತಿದ್ದಾಗ ನಾನು ಬಚ್ಚಲಿಗೆ ಹೋದೆ. ಹಂಡೆಯ ನೀರು ಕೊತಕೊತ ಕುದಿಯುತ್ತಿತ್ತು. ಗೋಣಿ ಬಿಚ್ಚಿ ಒಂದು ಚೊಂಬು ಸುರಿದೆ. ಇನ್ನೊಂದನ್ನೂ ಸುರಿದೆ. ಹಸಿ ಹುಲ್ಲು ಬೆಂದ ವಾಸನೆ ಬಂತು. ಅದರ ಹಿಂದೆಯೇ ಅಜ್ಜಿಯ ಸೆರಗಿನ ವಾಸನೆ ಮುಖಕ್ಕೆ ಹೊಡೆಯಿತು. ಮೂರನೆಯ ಚೊಂಬಿಗೆ ಕೈ ಏಳಲಿಲ್ಲ. ಗೋಣಿಯನ್ನು ಮೊದಲಿನಂತೆ ಸುತ್ತಿ, ತಣ್ಣೀರು ಚಿಮುಕಿಸಿ, ಬಂದು ಕಡುಬಿಗೆ ಕೂತೆ.

ಬಸ್ಸಿನ ಕಿಟಕಿಯಲ್ಲಿ ಪಲ್ಲವಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೈ ಬೀಸಿದಳು. ನಾನೂ ಬೀಸಿದೆ.

ಮುಂದಿನ ರಜೆಗೆ ಬಂದವಳು ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಂತಳು. "ಒಂದೂ ಚಿಗುರ್ಲಿಲ್ಲ ಅಜ್ಜಿ. ದಿನಾ ಹೋಗಿ ನೋಡ್ತಿದ್ದೆ. ನನ್ ಕೈಗುಣಾನೇ ಸರಿ ಇಲ್ಲ."

ಅಜ್ಜಿ ಅವಳನ್ನು ಎಳೆದು ತಬ್ಬಿಕೊಂಡಳು. ಹೇಳಿಬಿಡೋಣ ಎಂದು ನನಗೆ ಬಾಯಿತುದಿಗೆ ಬಂದಿತ್ತು. ಆ ಅಪ್ಪುಗೆ ಕಂಡು ಮತ್ತೆ ಉರಿಯಿತು, ಸುಮ್ಮನಾದೆ. ಬೇರೆ ಹಿಳ್ಳು ಕೊಡುತ್ತೇನೆಂದು ಅಜ್ಜಿ ಎಷ್ಟು ಹೇಳಿದರೂ ಪಲ್ಲವಿ ಒಯ್ಯಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಗದ್ದೆಗೆ ಟ್ರ್ಯಾಕ್ಟರ್ ಇಳಿಯಲೆಂದು ಜೆಸಿಬಿ ತರಿಸಿ ದರೆ ತೆಗೆಸಿದೆವು. ಲಾವಂಚವೂ ಮಣ್ಣಿನ ಜೊತೆ ಹೋಯಿತು. ಈಗ ಪ್ರತಿ ಮಳೆಗಾಲ ಅಲ್ಲಿ ಮಣ್ಣು ಜರಿಯುತ್ತದೆ.

ಹೋದ ಬೇಸಿಗೆ ತೀರ್ಥಹಳ್ಳಿಯಲ್ಲೊಂದು ಮದುವೆ. ಊಟ ಮುಗಿಸಿ ನಾನೂ ಪಲ್ಲವಿಯೂ ಛತ್ರದ ಹಿಂದಿನ ಕಟ್ಟೆಯ ಮೇಲೆ ಕೂತಿದ್ದಾಗ, ಹೇಗೋ ಏನೋ, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಗುತ್ತಾಳೆಂದುಕೊಂಡಿದ್ದೆ.

ಅವಳು ತನ್ನ ಅಂಗೈ ನೋಡಿಕೊಂಡಳು. "ಅವತ್ತಿಂದ ನಾನು ಮನೇಲಿ ಒಂದು ತುಳಸೀನೂ ನೆಟ್ಟಿಲ್ಲ ಕಣೇ. ಗಿಡ ತಂದ್ರೆ ಇವ್ರ ಕೈಲೇ ನೆಡಿಸ್ತೀನಿ. ನಾ ಮುಟ್ಟಿದ್ರೆ ಸಾಯ್ತದೆ ಅಂತ."

ಆಮೇಲೆ ಕೇಳಿದಳು: "ಅಜ್ಜಿಗೆ ಗೊತ್ತಿತ್ತಾ?"

"ಇಲ್ಲ."

"ಒಳ್ಳೇದೇ ಆಯ್ತು ಬಿಡು. ನೀ ಆಚೆ ಹೋದ್ರೆ ಸಾಕು, ಅಜ್ಜಿ ನಿನ್ ಮಾತೇ ಆಡ್ತಿತ್ತು. ಸುಜಿ ಹಂಗೆ, ಸುಜಿ ಹಿಂಗೆ ಅಂತ. ವರ್ಷಪೂರ್ತಿ ಅಜ್ಜಿ ನಿಂಗೆ, ನಂಗೆ ಒಂದೇ ತಿಂಗ್ಳು. ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ ನಂಗೆ?"

ಒಳಗಿನಿಂದ ಯಾರೋ ಕರೆದರು. ಅವಳು ಎದ್ದು ಹೋದಳು. ನಾನು ಅಲ್ಲೇ ಕೂತೆ. ಅಜ್ಜಿ ಹೋದದ್ದು ವಯಸ್ಸಾಗಿ. ದರೆ ಹೋದದ್ದು ನಮ್ಮ ಅನುಕೂಲಕ್ಕೆ. ಒಬ್ಬ ಹುಡುಗಿಗೆ ತನ್ನ ಕೈಯ ಮೇಲಿದ್ದ ನಂಬಿಕೆ ಹೋದದ್ದು ಮಾತ್ರ ನನ್ನಿಂದ.