ಗೆರೆಯೊಳಗಿನ ವಸಂತಮ್ಮ

ಕುಂದಲಹಳ್ಳಿಯ ಹಳೆ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೆಕ್ ಪಾರ್ಕಿನ ಕ್ಯಾಬುಗಳ ಹಾರ್ನಿಗೂ ಮೊದಲೇ ವಸಂತಮ್ಮ ಗಾರೆ ಅರೆಯಲು ಕೂತಿದ್ದಾರೆ. ಅರಳಿಸಿಟ್ಟ ಸುಣ್ಣ, ಜರಡಿ ಹಿಡಿದ ಮರಳು, ಅಳಲೆಕಾಯಿ ನೆನೆಸಿದ ಬೆಲ್ಲದ ನೀರು. ಈ ಬೀದಿಯ ಹಳೆ ಮನೆಗಳ ಗೋಡೆ ಎಲ್ಲಿ ಉದುರಿದರೂ ಕರೆ ಬರುವುದು ಇವರಿಗೇ. ಕೈ ಅರೆಯುತ್ತಿದ್ದರೂ ಕಣ್ಣು ಮಾತ್ರ ಪಕ್ಕದ ಮನೆಯ ಮೇಲಿದೆ.

ಪಕ್ಕದ್ದು ಓರಗಿತ್ತಿ ಯಮುನಾಳ ಮನೆ. ನಾಲ್ಕು ಮಹಡಿ, ಅಷ್ಟರಲ್ಲೂ ಹುಡುಗಿಯರ ಪಿ.ಜಿ.

"ಸುಳ್ಯಾಕೇಳ್ಲಿ ಮೇಡಂ, ಒಟ್ಟೆ ಉರೀತದೆ," ಎನ್ನುತ್ತಾರೆ ವಸಂತಮ್ಮ. "ಬೆಳಗ್ಗೆ ಎದ್ದು ದೇವ್ರ ಮುಖ ನೋಡೋದ್ ಬಿಟ್ಟು ಅವ್ಳ ನೀರಿನ ಟ್ಯಾಂಕ್ ನೋಡ್ತೀನಿ."

ಎರಡೂ ಮೊದಲು ಒಂದೇ ಮನೆ, ಮಾವ ಭಾಗ ಮಾಡಿಕೊಟ್ಟದ್ದು. ಗಂಡ ತೀರಿಕೊಂಡ ಮೇಲೆ ವಸಂತಮ್ಮ ಅಪ್ಪನಿಂದ ಕಲಿತ ಗಾರೆ ಕೆಲಸಕ್ಕಿಳಿದರು. ಸುಣ್ಣ ಬೆರಳ ಸಂದಿಗಳನ್ನು ತಿಂದುಹಾಕಿದೆ. ತಮ್ಮ ಮನೆಯ ಮುಂಗೋಡೆಯನ್ನಂತೂ ವರ್ಷವರ್ಷವೂ ತಿಕ್ಕಿ ತಿಕ್ಕಿ ನುಣುಪಾಗಿಟ್ಟರು. ಗಾರೆ ಒಣಗುವ ತನಕ ಕಾಯುವ ತಾಳ್ಮೆಯಿಲ್ಲದ ಯಮುನಾ ತನ್ನ ಭಾಗಕ್ಕೆ ಸಿಮೆಂಟು ಬಳಿದುಬಿಟ್ಟಳು.

ಆಮೇಲೆ ಬಂದದ್ದು ಪಾರಂಪರಿಕ ವಲಯ. ಗಾರೆಯ ಮನೆಗಳನ್ನೆಲ್ಲ ಅಧಿಕಾರಿಗಳು ನಕ್ಷೆಯಲ್ಲಿ ಅದರ ಗೆರೆಯೊಳಗೆ ಸೇರಿಸಿದರು. ಅಲ್ಲಿ ಮುಂಗೋಡೆ ಕೆಡವುವಂತಿಲ್ಲ, ಮಹಡಿ ಏರಿಸುವಂತಿಲ್ಲ. ಸಿಮೆಂಟು ಕಂಡ ಗೆರೆ ಯಮುನಾಳ ಮನೆಯನ್ನು ಬಳಸಿಕೊಂಡು ಮುಂದೆ ಹೋಯಿತು, ಅವಳ ಮಹಡಿಗಳು ಎದ್ದವು. ಸೋಮಾರಿಗೆ ಮಹಡಿ, ದುಡಿದವಳಿಗೆ ಕಟ್ಟುಪಾಡು! ಇದನ್ನು ಯಾವ ಹೊಟ್ಟೆ ತಡೆದುಕೊಂಡೀತು?

ಗೆರೆ ಇನ್ನೂ ಕರಡು. ನಾಳೆ ಅಧಿಕಾರಿಗಳು ಕೊನೆಯ ಸಲ ನೋಡಲು ಬರುತ್ತಾರೆ. ಗಾರೆ ಕಾಣದಿದ್ದರೆ ಈ ಮನೆಯೂ ಹೊರಗೆ, ವಸಂತಮ್ಮನಿಗೂ ಮಹಡಿ. ಆ ಆಸೆಗೆ ಮೊನ್ನೆ ಒಂದು ಮೂಟೆ ಸಿಮೆಂಟು ತಂದು ಕಲಸಿಯೂ ಬಿಟ್ಟಿದ್ದರು.

"ಕರಣೇಲಿ ತಕ್ಕೊಂಡು ಗ್ವಾಡೆ ಮುಂದೆ ನಿಂತೆ. ಮ್ಯಾಲಿಂದ ಯಮುನಾ ನೋಡ್ತಾವ್ಳೆ. 'ಈಗ ಬುದ್ಧಿ ಬಂತಾ ಅಕ್ಕಾ?' ಅಂದ್ಲು. ಮೈಯೆಲ್ಲಾ ಉರ್ದೋಯ್ತು. ಇದ್ನ ಬಳುದ್ರೆ ನಾನೂ ಅವ್ಳೂ ಒಂದೇ ಆಗೋಗ್ತೀವಿ ಅನ್ನುಸ್ತು."

ಕಲಸಿದ ಸಿಮೆಂಟು ವ್ಯರ್ಥವಾಗಲಿಲ್ಲ. ಬೀದಿಯ ಗುಂಡಿಗೆ ಸುರಿದು, ನೀಟಾಗಿ ಸವರಿ ಬಂದರಂತೆ.

ಹಾಗೆಂದು ಹೊಟ್ಟೆಕಿಚ್ಚು ಆರಿದೆ ಎಂದುಕೊಳ್ಳಬೇಡಿ. ಪಿ.ಜಿ. ಹುಡುಗಿಯರು ಮೆಟ್ಟಿಲಿಳಿಯುವ ಸದ್ದಿಗೆ ವಸಂತಮ್ಮನ ಹುಬ್ಬು ಈಗಲೂ ಗಂಟಿಕ್ಕುತ್ತದೆ. ಆದರೂ ಇವತ್ತು ಅರೆಯುತ್ತಿರುವ ಗಾರೆ ತಮ್ಮದೇ ಮುಂಗೋಡೆಗೆ. ನಾಳೆ ಬರುವವರಿಗೆ ಚೆನ್ನಾಗಿ ಕಾಣಲಿ ಎಂದು ಬಿರುಕುಗಳನ್ನೆಲ್ಲ ಮುಚ್ಚುತ್ತಿದ್ದಾರೆ. ಗೆರೆ ಗಟ್ಟಿಯಾದರೆ ಮಹಡಿಯ ಮಾತು ಅಲ್ಲಿಗೆ ಮುಗಿಯಿತು.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಕರಣೆ ನಿಲ್ಲಿಸದೆಯೇ ಹೇಳುತ್ತಾರೆ:

"ದೊಡ್ಡಾಸೆ ಏನಿಲ್ಲ ಮೇಡಂ. ಒಂದಿನ, ಒಂದೇ ಒಂದಿನ, ಇಲ್ ಬಂದು ಈ ಗ್ವಾಡೆ ಮ್ಯಾಲೆ ಕೈಯಾಡ್ಸಿ, ಅವ್ಳು ನನ್ ಮ್ಯಾಲೆ ಕರುಬ್ಬೇಕು."