ಸೂರ್ಯಕಾಂತರು ತಿದ್ದಿದ ರೆಕ್ಕೆ

ಮಲ್ಕಾಜ್‌ಗಿರಿಯ ಸೂರ್ಯಕಾಂತರಿಗೆ ತಪ್ಪು ಕಂಡರೆ ಮೈಯೆಲ್ಲ ತುರಿಸುತ್ತದೆ. ಲಗ್ನಪತ್ರಿಕೆಯಲ್ಲಿ ತಿಥಿ ತಪ್ಪಿದ್ದರೆ ಊಟಕ್ಕೆ ಕೂತಲ್ಲೇ ಹೇಳಿಬಿಡುವ ಮನುಷ್ಯ. ರೈಲ್ವೆಯ ನಕಾಶೆ ವಿಭಾಗದಲ್ಲಿ ಮೂವತ್ತೈದು ವರ್ಷ ಗೆರೆ ಎಳೆದು ನಿವೃತ್ತರಾದ ಮೇಲೆ ಈ ತುರಿಕೆಗೆ ಅವರು ಕಂಡುಕೊಂಡ ಮದ್ದು ಡೆಕಾಲು ಎಂಬ ಅಂಟುಚಿತ್ರ. ಯುದ್ಧವಿಮಾನಗಳ ಅಂಗೈಯಗಲದ ಪ್ಲಾಸ್ಟಿಕ್ ಮಾದರಿ ಕಟ್ಟುವ ಹುಚ್ಚರು ದೇಶದ ತುಂಬ ಇದ್ದಾರೆ. ಡಬ್ಬಿಯಲ್ಲಿ ಬರುವ ಗುರುತು ಅವರಿಗೆ ಸಾಲದು, ಇಂಥದೇ ನಂಬರಿನ ವಿಮಾನ ಬೇಕು. ಅಂಥವರಿಗಾಗಿ ಸೂರ್ಯಕಾಂತರು ಹಳೆಯ ಫೋಟೊ ನೋಡಿ, ಪುಸ್ತಕ ತಿರುವಿ, ತೆಳುವಾದ ಪೊರೆಯ ಮೇಲೆ ಗುರುತು ಅಚ್ಚು ಹಾಕಿ ಕೊಡುತ್ತಾರೆ. ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ರೆಕ್ಕೆಗೆ ಕೂರಿಸಿದರೆ ಬಣ್ಣ ಬಳಿದ ಹಾಗೇ ಕಾಣುತ್ತದೆ. ಮನೆಯ ಅಕ್ಕಿಯೊಳಗೆ ಕಲ್ಲಿದ್ದರೂ ಸೈ, ವಿಮಾನದ ಮೇಲೆ ತಪ್ಪಿರಬಾರದು ಇವರಿಗೆ ಎಂದು ಹೆಂಡತಿ ಕೋಕಿಲಾ ಬಂದವರೆದುರು ಹೇಳಿ ನಗುತ್ತಿದ್ದರು. ಸೂರ್ಯಕಾಂತರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಕಳೆದ ತಿಂಗಳು ಮಿಯಾಪುರದಿಂದ ಶರಣಬಸಮ್ಮ ಎನ್ನುವವರು ಇವರನ್ನು ಹುಡುಕಿಕೊಂಡು ಬಂದರು. ಎಪ್ಪತ್ತು ದಾಟಿದ ನಿವೃತ್ತ ಟೀಚರು, ಮೂಲ ಕಲಬುರಗಿ ಕಡೆಯವರು. ಅವರ ಮಡಿಲಲ್ಲೊಂದು ಸೀರೆಯ ಡಬ್ಬಿ, ಒಳಗೆ ಹತ್ತಿಯ ನಡುವೆ ಹರಿಕೇನ್ ಎಂಬ ಯುದ್ಧವಿಮಾನದ ಒಂದು ಮಾದರಿ. ಅವರ ತಂದೆ ಶಿವಶರಣಪ್ಪ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ವಾಯುಪಡೆಯ ನೌಕರಿಯಲ್ಲಿದ್ದವರು. ಕೊನೆಗಾಲದಲ್ಲಿ ಈ ಮಾದರಿಯನ್ನು ಕೂಡಿಸಿ, ಹಸಿರು ಕಂದು ಬಳಿದು, ಗುರುತು ಹಾಕುವ ಮೊದಲೇ ತೀರಿಕೊಂಡಿದ್ದರು. ಅದನ್ನು, ನಿಜವಾದ ಆ ವಿಮಾನ ಹಾರಿಸಿದ್ದ ಪೈಲಟ್‌ನ ತಂಗಿಯ ಕೈಗೆ ಕೊಡಬೇಕೆಂಬುದು ಅವರ ಕೊನೆಯ ಮಾತು. ಆ ತಂಗಿ ಪುಣೆಯಲ್ಲಿದ್ದಾರೆಂದು ಪತ್ತೆ ಮಾಡಲು ಮಗಳಿಗೆ ಹದಿನೈದು ವರ್ಷ ಹಿಡಿದಿತ್ತು. ಈಗ ಆಕೆಗೆ ತೊಂಬತ್ತೆರಡು, ಹಾಸಿಗೆ ಹಿಡಿದಿದ್ದಾರೆ. ಬುಧವಾರದ ರೈಲಿಗೆ ಟಿಕೆಟ್ ಆಗಿತ್ತು. ತಂದೆಯ ಚೀಟಿಯಲ್ಲಿ ವಿಮಾನದ ನಂಬರು, ಅದರ ಕೆಳಗೆ ಒಂದೇ ಸಾಲು: ದುಂಡು ಗುರುತಿನ ನಡುವೆ ಕೆಂಪು ಇರಲೇಬೇಕು.

ಸೂರ್ಯಕಾಂತರು ಒಳಗೊಳಗೇ ನಕ್ಕರು. ಬರ್ಮಾದಲ್ಲಿ ಕೆಂಪೆ? ಜಪಾನಿ ವಿಮಾನಗಳ ಗುರುತೇ ಕೆಂಪು ದುಂಡು. ನೆಲದಿಂದ ವಿಮಾನ ಹೊಡೆಯುವ ನಮ್ಮ ತೋಪಿನವರು ನಮ್ಮ ವಿಮಾನವನ್ನೇ ವೈರಿಯದೆಂದು ಹೊಡೆದಾರೆಂದು ಆ ಗಡಿಯ ನಮ್ಮ ವಿಮಾನಗಳ ಗುರುತಿನಲ್ಲಿದ್ದ ಕೆಂಪನ್ನೆಲ್ಲ ಅಳಿಸಲು ಹುಕುಂ ಆಗಿತ್ತು. ನಿನ್ನೆ ಮೊನ್ನೆ ಮಾದರಿ ಕಟ್ಟಲು ಕೂತವನಿಗೂ ಇದು ಗೊತ್ತು. ಮುಪ್ಪಿನ ಮರೆವು, ಮಗಳೆದುರು ತಂದೆಯ ತಪ್ಪು ಆಡಿ ತೋರಿಸುವುದೇಕೆ ಎಂದು ಹೂಂ ಅಂದು ಕಳಿಸಿದರು. ಆಮೇಲೆ ಐದು ದಿನ ಕೂತು ಕೆಂಪಿಲ್ಲದ ನೀಲಿ ಗುರುತು ಅಚ್ಚು ಹಾಕಿದರು, ಕೂರಿಸಿದರು, ಮೇಲೆ ವಾರ್ನಿಷ್ ಕೂಡ ಹೊಡೆದರು. ಸತ್ತವರ ಮಾನ ಉಳಿಸಿದೆ ಎಂಬ ಹೆಮ್ಮೆ ಬೇರೆ.

ಮಂಗಳವಾರ ಬೆಳಿಗ್ಗೆ ಬಂದ ಶರಣಬಸಮ್ಮ ವಿಮಾನವನ್ನು ಕೈಗೆತ್ತಿಕೊಂಡರು. ತಿರುಗಿಸಿ ರೆಕ್ಕೆಯ ಕೆಳಭಾಗ ನೋಡಿದರು. ಮುಖದ ಬಣ್ಣವೇ ಇಳಿದುಹೋಯಿತು. ಕೆಂಪೆಲ್ಲಿ ಎಂದು ಕೇಳಿದರು. ಈ ಪ್ರಶ್ನೆಗೇ ಕಾದಿದ್ದ ಸೂರ್ಯಕಾಂತರು ಪುಸ್ತಕ ತೆಗೆದು, ಹುಕುಂ ಆದ ವರ್ಷದಿಂದ ಹಿಡಿದು ಎಲ್ಲವನ್ನೂ ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡರು.

"ಪುಸ್ತಕದಾಗ ಇರೋದು ಖರೆ ಐತ್ರಿ," ಎಂದರು. "ಆ ಕೆಂಪು ಅಳಿಸೋ ಕೆಲಸ ನಮ್ಮಪ್ಪಂದೇ ಇತ್ತು."

ಶಿವಶರಣಪ್ಪ ವಾಯುಪಡೆಯಲ್ಲಿ ಬಣ್ಣ ಬಳಿಯುವವರು. ಆ ವಿಮಾನ ರಿಪೇರಿಯಿಂದ ಹಳೆಯ ಗುರುತಿನಲ್ಲೇ ಬಂದಿತ್ತು. ಅವರು ಬಣ್ಣದ ಡಬ್ಬಿ ತೆರೆದಿದ್ದರು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಉಂಡು ಬಂದು ಬಳಿದರಾಯಿತೆಂದು ಬ್ರಷ್ ಇಟ್ಟು ಎದ್ದರು. ತಿರುಗಿ ಬರುವಷ್ಟರಲ್ಲಿ ತುರ್ತು ಕರೆ ಬಂದು ಇಪ್ಪತ್ತೆರಡರ ಪೈಲಟ್ ಅದನ್ನೇ ಹತ್ತಿ ಹಾರಿದ್ದ. ಮರಳುವಾಗ ರೆಕ್ಕೆಯ ಕೆಳಗಿನ ಕೆಂಪು ಕಂಡು ನಮ್ಮ ತೋಪಿನವರೇ ಹೊಡೆದರು. ವೈರಿ ಹೊಡೆದನೆಂದು ಮನೆಗೆ ಕಾಗದ ಹೋಯಿತು. ಶಿವಶರಣಪ್ಪ ನಿಜವನ್ನು ಯಾರೆದುರೂ ಬಾಯಿ ಬಿಡಲಿಲ್ಲ. ಸಾಯುವ ವಾರ ಈ ಮಗಳೊಬ್ಬಳಿಗೇ ಹೇಳಿದರು.

ಸೂರ್ಯಕಾಂತರು ಪುಸ್ತಕ ಮುಚ್ಚಿದರು. ಆ ಹುಕುಮಿನ ಸಾಲನ್ನು ಅವರು ಎಷ್ಟು ಸಲ ಓದಿದ್ದರೋ, ಎಷ್ಟು ಜನರಿಗೆ ಪಾಠ ಹೇಳಿದ್ದರೋ. ಅದರೊಳಗೆ ಒಬ್ಬ ಹುಡುಗ ಸತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಶರಣಬಸಮ್ಮ ಆ ಕೆಂಪಿಲ್ಲದ ರೆಕ್ಕೆಯ ಮೇಲೆ ಬೆರಳಾಡಿಸುತ್ತಿದ್ದರು. "ನೀವು ಮಾಡಿದ್ದನ್ನ ನಮ್ಮಪ್ಪ ಅವತ್ತು ಮಾಡಿದ್ದರ, ಆ ಹುಡುಗ ಮನೀಗೆ ಬರ್ತಿದ್ದನ್ರಿ."

ಬಾಗಿಲಲ್ಲಿ ನಿಂತು ಕೇಳಿದ್ದ ಕೋಕಿಲಾ ಬಟ್ಟಲಲ್ಲಿ ನೀರು ತಂದಿಟ್ಟರು. ಸೂರ್ಯಕಾಂತರು ಕೆಂಪು ದುಂಡುಗಳನ್ನು ಅಚ್ಚು ಹಾಕಿ, ಕತ್ತರಿಸಿ, ಒಂದೊಂದಾಗಿ ನೆನೆಸಿದರು. ಮೊದಲನೆಯದು ಹರಿದೇಹೋಯಿತು. ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು, ಮೂವರಲ್ಲಿ ಯಾರೂ ಊಟದ ಮಾತೆತ್ತಲಿಲ್ಲ.

ಕೊನೆಗೆ ಸೂರ್ಯಕಾಂತರೇ ಮೆತ್ತಗೆ ಕೇಳಿದರು. ಇಷ್ಟು ವರ್ಷ ವೈರಿ ಕೊಂದನೆಂದು ನಂಬಿದ ಮುದಿಜೀವ, ಈಗ ಹೇಳಲೇಬೇಕೆ? ವಿಮಾನವಷ್ಟೇ ಕೊಟ್ಟು ಬಂದರಾಗದೆ? ಹೇಳಿದರೆ ಆಕೆ ನಿಮ್ಮ ತಂದೆಯನ್ನು ಬಾಯಿಗೆ ಬಂದ ಹಾಗೆ ಬೈಯಬಹುದು.

ಶರಣಬಸಮ್ಮ ಡಬ್ಬಿಯ ಮುಚ್ಚಳ ಹಾಕಿದರು.

"ಬೈಲಿ," ಎಂದರು. "ನಮ್ಮಪ್ಪ ಯಾರ ಕಡಿಂದೂ ಬೈಸ್ಕೊಳ್ಳದ ಸತ್ತಾನ್ರಿ. ಅದಕ್ಕ ನಾ ಹೊಂಟೀನಿ."